ಸಾಮಾನ್ಯ ವೈರಸ್, ಅಸಾಮಾನ್ಯ ಕಾಯಿಲೆ: ಮಗಳ ಜೀನ್ ಪರೀಕ್ಷೆಗಾಗಿ ಶಿರಸಿಯಿಂದ ಓಡಾಡಿದ ಅನುಭವ

ಎರಡು ಸಲ ಹರ್ಪಿಸ್ ವೈರಸ್ಸಿನ ಮಿದುಳುಜ್ವರ ಬಂದ ಮಗಳ ಜೀನ್ ಪರೀಕ್ಷೆಯ ಕೊನೆಯ ವರದಿ ಬಂದು, ವೈದ್ಯರು ಅದನ್ನು ನಮ್ಮೆದುರು ಸಾಲು ಸಾಲಾಗಿ ಓದಿ ಹೇಳಿದ್ದು ಹೋದ ವಾರ. ಇಷ್ಟು ಕಾಲ ಓಡಾಡುವಾಗ ಇದನ್ನೆಲ್ಲ ಬಿಡಿಸಿ ಹೇಳುವ ಒಂದು ಕನ್ನಡ ಬರಹಕ್ಕಾಗಿ ನಾನು ಹುಡುಕಿದ್ದೇ ಹುಡುಕಿದ್ದು. ಎಲ್ಲರಿಗೂ ತಗಲುವ ವೈರಸ್ಸೇ ತಮ್ಮ ಮಗುವಿಗೆ ಮಾತ್ರ ಪ್ರಾಣಾಂತಿಕವಾಗಿ, ‘ಜೀನ್ ಪರೀಕ್ಷೆ ಮಾಡಿಸಿ’ ಎಂಬ ಚೀಟಿ ಹಿಡಿದು ಮುಂದೇನೆಂದು ತಿಳಿಯದೆ ಕುಳಿತಿರುವ ತಂದೆತಾಯಂದಿರಿಗಾಗಿ ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ, ಶಿರಸಿ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯ ಶಿಕ್ಷಕಿ. ಇಲ್ಲಿರುವ ವೈದ್ಯಕೀಯ ಸಂಗತಿಗಳೆಲ್ಲ ಪ್ರಶ್ನೆ ಕೇಳಿ ಕೇಳಿ ಕಲಿತದ್ದು.

ಶುರುವಾದದ್ದು ಒಂದು ಫೆಬ್ರವರಿಯಲ್ಲಿ. ನಮ್ಮ ಸೀಮೆಯಲ್ಲಿ ಆ ತಿಂಗಳು ಜ್ವರ ಬಂದರೆ ಮೊದಲು ನೆನಪಾಗುವುದು ಕಾಡಿನ ಉಣ್ಣೆ ಹುಳು ಕಚ್ಚಿ ಬರುವ ಮಂಗನ ಕಾಯಿಲೆ. ದರಕು (ಒಣಗಿದ ಎಲೆ) ತರಲು ಬೆಟ್ಟಕ್ಕೆ ಹೋಗುವವರು ಉಣ್ಣೆ ಹತ್ತದಂತೆ ಕೈಕಾಲಿಗೆ ಡೇಪಾ ತೈಲ ಹಚ್ಚಿಕೊಳ್ಳುವ ಕಾಲ ಅದು. ಎರಡನೇ ತರಗತಿಯಲ್ಲಿದ್ದ ಮಗಳು ಬೆಟ್ಟದ ಕಡೆ ಹೋದವಳೇ ಅಲ್ಲ, ಆದರೂ ಆಶಾ ಕಾರ್ಯಕರ್ತೆ ಮೊದಲು ಕೇಳಿದ್ದು ಉಣ್ಣೆ ಕಚ್ಚಿದೆಯೇ ಎಂದೇ. ರಕ್ತವನ್ನು ಆ ಪರೀಕ್ಷೆಗೂ ಕಳಿಸಿದರು. ಮರುದಿನ ಮಗಳು ಅಜ್ಜಿಯನ್ನು ಚಿಕ್ಕಮ್ಮ ಎಂದು ಕರೆದಳು. ತಟ್ಟೆಯಲ್ಲಿದ್ದ ಗಂಜಿಯನ್ನು ದೂಡಿ, ‘ಏನೋ ಸುಟ್ಟ ವಾಸನೆ’ ಎಂದಳು. ಮನೆಯಲ್ಲಿ ಒಲೆಯೇ ಉರಿಯುತ್ತಿರಲಿಲ್ಲ. ಸಂಜೆ ಬಾಯಿಯ ಒಂದು ಬದಿ ಅದುರಲು ಶುರುವಾಗಿ, ಅದು ಕೈಗೆ ಇಳಿಯಿತು.

ಶಿರಸಿಯ ಆಸ್ಪತ್ರೆಯಲ್ಲಿದ್ದ ಯುವ ವೈದ್ಯೆಗೆ ನಾನು ಇಂದಿಗೂ ಕೈಮುಗಿಯುತ್ತೇನೆ. ಹೆಸರು ತಪ್ಪಿದ್ದು, ಇಲ್ಲದ ವಾಸನೆ, ಒಂದೇ ಬದಿಯ ಅದುರು, ಇಷ್ಟನ್ನೇ ಕೇಳಿಸಿಕೊಂಡು ಆಕೆ, ‘ಇದು ಮಿದುಳಿನ ಪಕ್ಕದ ಭಾಗದ ಸೋಂಕು ಇರಬಹುದು. ಖಚಿತವಾಗುವವರೆಗೆ ಕಾಯಬಾರದು’ ಎಂದು ಹೇಳಿ, ಆಂಬುಲೆನ್ಸ್ ಹತ್ತಿಸುವ ಮೊದಲೇ ಅಸೈಕ್ಲೋವಿರ್ ಎಂಬ ಔಷಧಿಯ ಮೊದಲ ಡ್ರಿಪ್ ಹಾಕಿಸಿದರು. ಈ ಕಾಯಿಲೆಗೆ ಔಷಧಿ ಕೊಡದಿದ್ದರೆ ನೂರರಲ್ಲಿ ಸುಮಾರು 70 ಜನ ಸಾಯುತ್ತಾರೆ ಎಂದು ಆಮೇಲೆ ತಿಳಿಯಿತು. ಆದ್ದರಿಂದ, ಮಗುವಿಗೆ ಜ್ವರದ ಜೊತೆ ಮಾತು, ನಡತೆ ಅಥವಾ ಗುರುತಿಸುವ ಶಕ್ತಿ ಬದಲಾದರೆ, ಯಾವ ಹೊತ್ತಿಗೆ ಏನು ಕಂಡಿತು ಎಂದು ಒಂದು ಕಾಗದದಲ್ಲಿ ಬರೆದಿಟ್ಟುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ. ಗಾಬರಿಯಲ್ಲಿ ಬಾಯಿಗೆ ಬಾರದ್ದನ್ನು ಕಾಗದ ಹೇಳುತ್ತದೆ.

ದೇವಿಮನೆ ಘಟ್ಟದಲ್ಲಿ ರಸ್ತೆ ಕಾಮಗಾರಿ ನಡೆಯುತ್ತಿದ್ದುದರಿಂದ ಆಂಬುಲೆನ್ಸ್ ಸಿದ್ದಾಪುರ, ಮಾವಿನಗುಂಡಿ, ಗೇರುಸೊಪ್ಪೆಯ ಮೇಲೆ ಹೊನ್ನಾವರಕ್ಕೆ ಇಳಿದು ಉಡುಪಿ ಕಡೆ ಹೋಯಿತು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕು ಎಂದು ನಮ್ಮ ಜನ ವರ್ಷಗಳಿಂದ ಕೂಗುತ್ತಿರುವುದು ಯಾಕೆ ಎಂದು ತಿಳಿಯಬೇಕಾದವರು ಆ ತಿರುವುಗಳಲ್ಲಿ ಅರೆಪ್ರಜ್ಞೆಯ ಮಗುವನ್ನು ಮಡಿಲಲ್ಲಿಟ್ಟುಕೊಂಡು ಒಮ್ಮೆ ಪ್ರಯಾಣ ಮಾಡಬೇಕು.

ಅಲ್ಲಿ ಬೆನ್ನಿನಿಂದ ನೀರು ತೆಗೆದು ವೈರಸ್ ಹುಡುಕಲು ಮಾಡಿದ ಮೊದಲ ಪಿ.ಸಿ.ಆರ್. ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಕಾಯಿಲೆಯ ಮೊದಲ ಮೂರು ದಿನಗಳಲ್ಲಿ ಹೀಗಾಗುವುದುಂಟಂತೆ. ಎಂ.ಆರ್.ಐ. ಚಿತ್ರ ನೋಡಿದ ವೈದ್ಯರು ಔಷಧಿ ನಿಲ್ಲಿಸದೆ ಮತ್ತೆ ನೀರು ತೆಗೆಸಿದರು. ಎರಡನೆಯ ಸಲ ವೈರಸ್ ಸಿಕ್ಕಿತು: ಹರ್ಪಿಸ್ ಸಿಂಪ್ಲೆಕ್ಸ್, ಒಂದನೇ ಬಗೆ. ತುಟಿಯ ಅಂಚಿನಲ್ಲಿ ಜ್ವರದ ಗುಳ್ಳೆ ಎಬ್ಬಿಸುತ್ತದಲ್ಲ, ಅದೇ ವೈರಸ್. ಲೋಕದಲ್ಲಿ 50 ವರ್ಷದೊಳಗಿನ ಮೂವರಲ್ಲಿ ಸುಮಾರು ಇಬ್ಬರ ಮೈಯಲ್ಲಿ ಇದು ಇದೆ. ಹೆಚ್ಚಿನವರಿಗೆ ಬಂದದ್ದೇ ಗೊತ್ತಿರುವುದಿಲ್ಲ. ಅದು ಮಿದುಳಿಗೇರುವುದು ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಎರಡರಿಂದ ನಾಲ್ವರಿಗೆ.

ಅಸೈಕ್ಲೋವಿರ್ ಅನ್ನು ಎಂಟು ಗಂಟೆಗೊಮ್ಮೆ, ಒಂದು ಗಂಟೆಯ ಕಾಲ ನಿಧಾನವಾಗಿ ಹನಿಸಬೇಕು. ಬೇಗ ಹೋದರೆ, ಮೈಯಲ್ಲಿ ನೀರು ಕಡಿಮೆಯಾದರೆ, ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ಎರಡು ಮೂರು ವಾರ ಇದೇ. ಮಗಳ ಮೊಣಕೈಯಿಂದ ಮಣಿಕಟ್ಟಿನವರೆಗೆ ಒಂದೊಂದೇ ನರ ಕೆಂಪಾಗಿ, ಗಟ್ಟಿಯಾಗಿ, ಸೂಜಿ ಚುಚ್ಚಲು ಜಾಗವಿಲ್ಲದಂತಾಯಿತು. ರಾತ್ರಿ ಎರಡರ ಡೋಸಿಗೆ ನಾನು ಹನಿಯ ಲೆಕ್ಕ ನೋಡುತ್ತ ಕೂರುತ್ತಿದ್ದೆ. ಅವಳು ಎಚ್ಚರವಾದಾಗ ಗೋಡೆಯ ಗಡಿಯಾರ ತೋರಿಸಿ, ‘ಅದಕ್ಕೆ ಏನನ್ನುತ್ತಾರೆ?’ ಎಂದು ಕೇಳುತ್ತಿದ್ದೆ. ಹಲವು ರಾತ್ರಿ ಅವಳು ಬರಿದೇ ನೋಡಿದಳು. ಒಂದು ರಾತ್ರಿ ‘ಗಂಟೆ’ ಎಂದಳು. ಪಕ್ಕದ ಹಾಸಿಗೆಯ ಕುಮಟಾದ ಅಜ್ಜಿಯೊಬ್ಬರು ಎದ್ದು ಬಂದು ನನ್ನ ಭುಜ ಹಿಡಿದುಕೊಂಡರು.

ಊರಿಗೆ ಬಂದ ಮೇಲೆ ಬೇರೆ ಕಷ್ಟ. ವೈರಸ್ಸಿನ ಹೆಸರು ಕೇಳಿ ಕೆಲವರು ಮೊಬೈಲಿನಲ್ಲಿ ಏನೇನೋ ಓದಿಕೊಂಡು ಬಂದರು. ಇನ್ನು ಕೆಲವರು ಸರ್ಪಸುತ್ತು ಎಂದುಕೊಂಡು ಗೋಕರ್ಣದಲ್ಲಿ ಶಾಂತಿ ಮಾಡಿಸಲು ಹೇಳಿದರು. ಸರ್ಪಸುತ್ತು ಬರುವುದು ಸಿಡುಬಿನಂಥ ಗುಳ್ಳೆ ತರುವ ಚಿಕನ್‌ಪಾಕ್ಸ್ ವೈರಸ್ಸಿನಿಂದ, ಅದು ಬೇರೆ. ಒಂದನೇ ಬಗೆಯ ಹರ್ಪಿಸ್ ಹೆಚ್ಚಾಗಿ ಚಿಕ್ಕಂದಿನಲ್ಲೇ, ಎಂಜಲಿನಿಂದ, ಮುತ್ತಿನಿಂದ ಬರುವಂಥದ್ದು; ನಾಚಿಕೆಗೆ ಅದರಲ್ಲಿ ಏನೂ ಇಲ್ಲ. ಆದರೆ ನನ್ನನ್ನು ನೋಯಿಸಿದ್ದು ‘ಮಗುವಿಗೆ ಶಕ್ತಿ ಸಾಲದೇ ಹೀಗಾಗಿದೆ, ಏನು ತಿನ್ನಿಸುತ್ತಿದ್ದೆ?’ ಎಂಬ ಮಾತು. ಪ್ರೀತಿಯಿಂದಲೇ ಕೇಳಿದರು. ಆದರೂ ಆ ಮಾತು ನಿದ್ದೆ ಕೆಡಿಸಿತು.

ಮುಂದಿನ ವರ್ಷದ ಮಳೆಗಾಲದಲ್ಲಿ ಮತ್ತೆ ಜ್ವರ, ಮತ್ತೆ ಅದುರು. ಹರ್ಪಿಸ್ ಮಿದುಳುಜ್ವರ ಆಗಿ ಹೋದ ಮಕ್ಕಳಲ್ಲಿ ಕೆಲವೊಮ್ಮೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳಿನ ಮೇಲೆ ತಿರುಗಿಬೀಳುತ್ತದೆ. ಅದಕ್ಕೆ ಚಿಕಿತ್ಸೆಯೇ ಬೇರೆ. ಹಾಗಾಗಿ ಮೊದಲು, ಹಾಗೆ ಮಿದುಳಿನ ಮೇಲೆ ಬೀಳುವ ಎನ್.ಎಂ.ಡಿ.ಎ. ಪ್ರತಿಕಾಯದ ಪರೀಕ್ಷೆ ಮಾಡಿದರು. ಅದು ಇರಲಿಲ್ಲ. ಬಂದದ್ದು ವೈರಸ್ಸೇ. ಈ ಸಲ ಬೇಗ ಹಿಡಿದದ್ದರಿಂದ ಮಾತು ಹೋಗಲಿಲ್ಲ. ‘ಎರಡು ಸಲ ಬಂದಿದೆ. ಇನ್ನು ಕಾರಣ ಹುಡುಕಬೇಕು’ ಎಂದು ಮಕ್ಕಳ ನರರೋಗ ತಜ್ಞರು ಜೆನೆಟಿಕ್ಸ್ ವಿಭಾಗಕ್ಕೆ ಚೀಟಿ ಬರೆದರು.

ಕಾರಣ ಎಂದರೆ ಏನು ಎಂದು ಅವರು ಬಿಡಿಸಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ವೈರಸ್ ಹೊಕ್ಕ ಜೀವಕೋಶ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಬಿಡುತ್ತದೆ. ತೋಟಕ್ಕೆ ಮಂಗನ ಹಿಂಡು ಇಳಿದದ್ದನ್ನು ಮೊದಲು ಕಂಡವರು ಕೂ ಹಾಕಿದರೆ ಆಚೀಚೆ ತೋಟದವರೆಲ್ಲ ಎಚ್ಚೆತ್ತುಕೊಳ್ಳುತ್ತಾರಲ್ಲ, ಹಾಗೆ ಇದರಿಂದ ಅಕ್ಕಪಕ್ಕದ ಕೋಶಗಳು ವೈರಸ್ಸಿಗೆ ಬಾಗಿಲು ಮುಚ್ಚಿಕೊಳ್ಳುತ್ತವೆ. ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬ ವಿಜ್ಞಾನಿಗಳು ಇದನ್ನು ಕಂಡುಹಿಡಿದದ್ದು 1957ರಲ್ಲಿ. ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆಯ ವೈರಸ್ ಸಿಕ್ಕಿದ ವರ್ಷವೂ ಅದೇ. ವೈರಸ್ ಬಂದದ್ದನ್ನು ಗುರುತಿಸುವ ಅಣುಗಳಲ್ಲಿ ಟಿ.ಎಲ್.ಆರ್.3 ಎಂಬುದೊಂದು. ಮಿದುಳಿನ ನರಕೋಶಗಳು ಹರ್ಪಿಸ್ ವಿರುದ್ಧ ಅದನ್ನು ಬಹಳವಾಗಿ ನಂಬಿಕೊಂಡಿವೆ. ಅದನ್ನು ಕಟ್ಟುವ ಜೀನಿನಲ್ಲಿ ಒಂದು ಅಕ್ಷರ ಬದಲಾಗಿದ್ದರೂ ಆ ಎಚ್ಚರಿಕೆ ತಡವಾಗಬಹುದು. ರಕ್ತದ ಕೋಶಗಳಿಗೆ ಬೇರೆ ದಾರಿಗಳೂ ಇರುವುದರಿಂದ ಅಂಥ ಮಕ್ಕಳು ಹೆಚ್ಚಾಗಿ ನೆಗಡಿ, ಫ್ಲೂ, ಚಿಕನ್‌ಪಾಕ್ಸ್ ಎಲ್ಲವನ್ನೂ ಬೇರೆ ಮಕ್ಕಳಂತೆಯೇ ದಾಟುತ್ತಾರೆ. ನಮ್ಮ ಮಗಳೂ ದಾಟಿದ್ದಳು. ಶಕ್ತಿ ಸಾಲದ ಮಗು ಅವಳಲ್ಲ ಎಂದು ಅಂದು ನನಗೆ ಮೊದಲ ಬಾರಿಗೆ ಗಟ್ಟಿಯಾಗಿ ಅನ್ನಿಸಿತು.

2006ರಲ್ಲಿ ಪ್ಯಾರಿಸ್ಸಿನ ಸಂಶೋಧಕರು ಈ ಕಾಯಿಲೆ ಬಂದ ಇಬ್ಬರು ಮಕ್ಕಳಲ್ಲಿ ಇದೇ ಸರಣಿಯ ಒಂದು ಜೀನಿನ ದೋಷವನ್ನೂ, 2007ರಲ್ಲಿ ಬೇರೆ ಇಬ್ಬರಲ್ಲಿ ಟಿ.ಎಲ್.ಆರ್.3ರ ದೋಷವನ್ನೂ ತೋರಿಸಿದರು. ಕಾಯಿಲೆ ಬಂದ ಮಕ್ಕಳಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಯಲ್ಲಿ ಇಂಥ ಕಾರಣ ಸಿಗುತ್ತದೆ. ‘ಸಿಗದೆಯೂ ಇರಬಹುದು, ಆ ಸಿದ್ಧತೆಯಲ್ಲೇ ಹಣ ಕಟ್ಟಿ’ ಎಂದು ವೈದ್ಯರು ಮೊದಲೇ ಹೇಳಿದರು. ಹಾಗೆ ಹೇಳುವ ವೈದ್ಯರು ಸಿಕ್ಕರೆ ಬಿಡಬೇಡಿ.

ಕೋವಿಡ್ ಕಾಲದಲ್ಲಿ ನಮ್ಮ ಕೇರಿಯಲ್ಲೇ ಗಟ್ಟಿಮುಟ್ಟಾದ ಯುವಕನೊಬ್ಬ ಆಮ್ಲಜನಕಕ್ಕೆ ಒದ್ದಾಡಿದ, ಅವನ ಜೊತೆ ಒಂದೇ ತಟ್ಟೆಯಲ್ಲಿ ಉಂಡವರಿಗೆ ಗಂಟಲು ಕೆರೆತ ಮಾತ್ರ. ಅದರ ಬಗ್ಗೆಯೂ ಕೇಳಿದೆ. ವಯಸ್ಸು, ಸಕ್ಕರೆ ಕಾಯಿಲೆಯಂಥ ಕಾರಣಗಳು ದೊಡ್ಡವು, ಆದರೆ ಜೀನ್ ಕೂಡ ಇದೆ ಎಂದರು. ಮೂರನೇ ಕ್ರೋಮೋಸೋಮಿನಲ್ಲಿ ನಿಯಾಂಡರ್ತಲ್ ಮಾನವರಿಂದ ಬಂದ ಒಂದು ತುಣುಕು ಕೋವಿಡ್ಡನ್ನು ತೀವ್ರಗೊಳಿಸಬಲ್ಲದು ಎಂದು ಜೆಬರ್ಗ್ ಮತ್ತು ಪೇಬೊ ಎಂಬ ವಿಜ್ಞಾನಿಗಳು 2020ರಲ್ಲಿ ತೋರಿಸಿದರು. ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಅದು ಇದೆ, ಯುರೋಪಿನಲ್ಲಿ ನೂರಕ್ಕೆ 16 ಜನರಲ್ಲಿ. ಅದೇ ವರ್ಷ ನೆದರ್ಲೆಂಡ್ಸಿನ ಎರಡು ಕುಟುಂಬಗಳ ನಾಲ್ವರು ಯುವಕರಲ್ಲಿ ಟಿ.ಎಲ್.ಆರ್.7 ಎಂಬ ಜೀನಿನ ದೋಷ ಸಿಕ್ಕಿತು. ಅದು ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಗಂಡಸರಲ್ಲಿ ಒಂದೇ ಪ್ರತಿ ಇರುವುದರಿಂದ ಅದು ಕೆಟ್ಟರೆ ಬದಲಿ ಇಲ್ಲ. ಉಲ್ಟಾ ಕೂಡ ಉಂಟು: ಸಿ.ಸಿ.ಆರ್.5 ಎಂಬ ಜೀನಿನ ಎರಡೂ ಪ್ರತಿಯಲ್ಲಿ ಒಂದು ತುಂಡು ಬಿಟ್ಟುಹೋದವರಿಗೆ ಎಚ್.ಐ.ವಿ.ಯ ಸಾಮಾನ್ಯ ಬಗೆ ಅಂಟುವುದೇ ಬಹಳ ಅಪರೂಪ. ಇದನ್ನೆಲ್ಲ ಕೇಳಿದ ಮೇಲೆ ‘ಯಾರ ತಪ್ಪು’ ಎಂಬ ಪ್ರಶ್ನೆಯನ್ನು ನಾನು ಬಿಟ್ಟೆ.

ಇನ್ನು ಪರೀಕ್ಷೆಯ ಮಾತು. ಮೊದಲು ಜೆನೆಟಿಕ್ ಕೌನ್ಸೆಲರ್ ಜೊತೆ ಕೂರಬೇಕು. ಆಕೆ ದೊಡ್ಡ ಹಾಳೆ ತೆಗೆದು ವಂಶವೃಕ್ಷ ಬರೆದರು: ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ತೀರಿಕೊಂಡವರ ಮೇಲೆ ಒಂದು ಓರೆಗೆರೆ. ಗಂಡ ಹೆಂಡತಿ ಸಂಬಂಧಿಕರೇ, ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರು ಮನೆತನದಲ್ಲಿದ್ದಾರೆಯೇ, ಚಿಕ್ಕಂದಿನಲ್ಲಿ ತೀರಿಕೊಂಡವರಿದ್ದಾರೆಯೇ ಎಂದು ಕೇಳಿದರು. ಪತಿ ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದರು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿನ್ನ ಅಪ್ಪನ ತಂಗಿಯೊಬ್ಬಳು ಇದ್ದಳಂತೆ. ಐದಾರು ವರ್ಷಕ್ಕೆ ಜ್ವರ ಬಂದು ಸನ್ನಿಯಾಗಿ ಹೋದಳಂತೆ. ಮನೆಯಲ್ಲಿ ಯಾರೂ ಅವಳ ಸುದ್ದಿ ಎತ್ತುವುದಿಲ್ಲ’ ಎಂದರು. ಕೌನ್ಸೆಲರ್ ಹಾಳೆಯ ಮೇಲೆ ಒಂದು ಸಣ್ಣ ವೃತ್ತ ಬರೆದು ಓರೆಗೆರೆ ಎಳೆದರು. ಹೆಸರೂ ಗೊತ್ತಿಲ್ಲದ ಆ ಹುಡುಗಿಯ ಗುರುತು ಅದೊಂದೇ. ನೀವು ಹೋಗುವ ಮೊದಲು ಮನೆಯ ಹಿರಿಯರ ಬಳಿ ಕೂತು ಮೂರು ತಲೆಮಾರಿನ ವಿವರ ಕೇಳಿಕೊಂಡು ಹೋಗಿ, ಯಾರೂ ಹೇಳದೆ ಬಿಟ್ಟ ಸಾವುಗಳನ್ನೂ.

ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳಿಸಿಕೊಳ್ಳದೆ ಸಹಿ ಹಾಕಬೇಡಿ. ಅದರಲ್ಲಿ ಎರಡು ಕಡೆ ನೀವೇ ತೀರ್ಮಾನಿಸಬೇಕು. ಹುಡುಕದಿದ್ದ ಬೇರೆ ದೋಷ, ಉದಾಹರಣೆಗೆ ಮುಂದೆ ಸ್ತನ ಕ್ಯಾನ್ಸರ್ ಬರಬಹುದಾದ ಜೀನ್, ಕಣ್ಣಿಗೆ ಬಿದ್ದರೆ ಹೇಳಬೇಕೆ ಬೇಡವೆ ಎಂಬುದು ಒಂದು. ಹೆಸರು ತೆಗೆದು ಮಾಹಿತಿಯನ್ನು ಸಂಶೋಧನೆಗೆ ಬಳಸಬಹುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನಾವು ಬೇಡ ಎಂದೆವು. ಮಗಳು ದೊಡ್ಡವಳಾಗಿ ಅವಳೇ ನಿರ್ಧರಿಸಲಿ. ಎರಡನೆಯದಕ್ಕೆ ಒಪ್ಪಿದೆವು.

ನಮಗೆ ಮಾಡಿಸಿದ್ದು ಎಕ್ಸೋಮ್ ಪರೀಕ್ಷೆ. ಮನುಷ್ಯನ ಜೀನೋಮಿನಲ್ಲಿ 300 ಕೋಟಿ ಅಕ್ಷರಗಳಿವೆ. ಪ್ರೋಟೀನ್ ಕಟ್ಟುವ ಸುಮಾರು 20,000 ಜೀನುಗಳ ಭಾಗ ಅದರಲ್ಲಿ ನೂರಕ್ಕೆ ಒಂದೆರಡು ಪಾಲು. ಅಷ್ಟನ್ನು ಓದುತ್ತಾರೆ. ನೇರಳೆ ಮುಚ್ಚಳದ ಕೊಳವೆಯಲ್ಲಿ ಸ್ವಲ್ಪ ರಕ್ತ ಸಾಕು, ಉಪವಾಸ ಬೇಡ. ಮಗುವಿಗೆ ಇತ್ತೀಚೆಗೆ ಬೇರೆಯವರ ರಕ್ತ ಏರಿಸಿದ್ದರೆ ಮೊದಲೇ ಹೇಳಿ. ನಮಗೆ ಎಕ್ಸೋಮಿಗೆ 26,000 ರೂಪಾಯಿ ಆಯಿತು, ತಂದೆತಾಯಿಯ ಪರೀಕ್ಷೆಗೆ ಬೇರೆ ಕೆಲವು ಸಾವಿರ. ಸೊಸೈಟಿಯಲ್ಲಿ ಅಡಿಕೆಯ ಮೇಲೆ ಮುಂಗಡ ತಂದು ಕಟ್ಟಿದೆವು. ವಿಮೆಯವರು ಆಸ್ಪತ್ರೆಗೆ ಸೇರಿಸದೆ ಮಾಡಿದ ಪರೀಕ್ಷೆ ಎಂದು ಕೈಬಿಟ್ಟರು. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಡಿ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ 50 ಲಕ್ಷ ರೂಪಾಯಿವರೆಗೆ ನೆರವು ಇದೆ. ನಮ್ಮ ಮಗಳ ಕಾಯಿಲೆ ಆ ಪಟ್ಟಿಯಲ್ಲಿಲ್ಲ, ಆದರೆ ಸಾಮಾನ್ಯ ರೋಗನಿರೋಧಕ ಶಕ್ತಿಯೇ ಹುಟ್ಟಿನಿಂದ ಇಲ್ಲದ ಹಲವು ಕಾಯಿಲೆಗಳು ಇವೆ. ನಮ್ಮ ರಾಜ್ಯದಲ್ಲಿ ಅದರ ಉತ್ಕೃಷ್ಟತಾ ಕೇಂದ್ರ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್. ಅಂಥವರು ಅಲ್ಲಿ ವಿಚಾರಿಸಬೇಕು.

ಕಾಯುವಾಗ ಎದುರಾದ ಅಡ್ಡಿಗಳು ಎರಡು. ವಾರಗಟ್ಟಲೆ ಕಳೆದ ಮೇಲೆ ಪ್ರಯೋಗಾಲಯದವರು ಫೋನ್ ಮಾಡಿ, ಬಂದ ರಕ್ತದಲ್ಲಿ ಡಿ.ಎನ್.ಎ. ಸಾಕಷ್ಟು ಸಿಗಲಿಲ್ಲ, ಮತ್ತೆ ಕಳಿಸಿ ಎಂದರು. ಜೋರು ಮಳೆಗಾಲ, ದಿನವಿಡೀ ಕರೆಂಟಿಲ್ಲ, ಶನಿವಾರ ತೆಗೆದ ರಕ್ತ ಸೋಮವಾರದವರೆಗೆ ಕೊರಿಯರ್ ಹತ್ತುವುದಿಲ್ಲ. ನಮ್ಮ ಕಡೆಯವರು ವಾರದ ಮೊದಲ ದಿನಗಳಲ್ಲೇ, ಅಂದೇ ಸಂಜೆ ಸಾಗಿಸುವ ಖಾತ್ರಿ ಪಡೆದು ರಕ್ತ ಕೊಡಬೇಕು. ಇನ್ನೊಂದು, ಹೆಸರು. ಆಧಾರಿನಲ್ಲಿ ತಂದೆಯ ಹೆಸರು ಜೊತೆಗಿದೆ, ಆಸ್ಪತ್ರೆಯ ಚೀಟಿಯಲ್ಲಿ ಇನಿಷಿಯಲ್ ಮಾತ್ರ, ಪ್ರಯೋಗಾಲಯದ ಅರ್ಜಿಯಲ್ಲಿ ಮೂರನೆಯದೇ ಕಾಗುಣಿತ. ಅದನ್ನು ಸರಿಪಡಿಸದೆ ವರದಿ ಕೊಡುವುದಿಲ್ಲ ಎಂದರು. ಬಿಡುಗಡೆಯ ಸಾರಾಂಶ, ಎಂ.ಆರ್.ಐ. ಸಿ.ಡಿ., ಎರಡೂ ಪಿ.ಸಿ.ಆರ್. ವರದಿಗಳು ಒಂದೇ ಹೆಸರಿನಲ್ಲಿ ಇರುವಂತೆ ಮೊದಲೇ ನೋಡಿಕೊಳ್ಳಿ. ಬಿಡುಗಡೆಯ ಸಾರಾಂಶದಲ್ಲಿ ಬರೀ ‘ಮಿದುಳುಜ್ವರ’ ಎಂದಿದ್ದರೆ ವೈರಸ್ಸಿನ ಹೆಸರನ್ನು ಸೇರಿಸಿಕೊಡಲು ಕೇಳಿ.

ವರದಿ ಬಂತು. ಟಿ.ಎಲ್.ಆರ್.3 ಜೀನಿನ ಒಂದು ಪ್ರತಿಯಲ್ಲಿ ಒಂದು ಅಕ್ಷರ ಬದಲು. ಆದರೆ ಪಕ್ಕದಲ್ಲಿ ‘ಅರ್ಥ ಖಚಿತವಿಲ್ಲ’ ಎಂಬ ವರ್ಗ. ರೋಗಕಾರಕ, ಬಹುಶಃ ರೋಗಕಾರಕ, ಖಚಿತವಿಲ್ಲ, ಬಹುಶಃ ನಿರಪಾಯ, ನಿರಪಾಯ ಎಂದು ಐದು ವರ್ಗಗಳಿರುತ್ತವೆ, ನಮ್ಮದು ನಡುವಿನದು. ಅದನ್ನು ಓದಿದಾಗ ನನಗೆ ಅಳು ಬಂತು. ಇಷ್ಟು ಕಾದು ಮತ್ತೆ ‘ಗೊತ್ತಿಲ್ಲ’ವೇ? ವೈದ್ಯರು ಸಮಾಧಾನದಿಂದ ವಿವರಿಸಿದರು. ಒಂದು ಬದಲಾವಣೆ ಕೇಡು ಮಾಡುತ್ತದೆ ಎನ್ನಲು ಅದು ಆರೋಗ್ಯವಂತರಲ್ಲಿ ಎಷ್ಟು ಅಪರೂಪ ಎಂದು ನೋಡಬೇಕು. ಹಳೆಯ ದತ್ತಾಂಶದಲ್ಲಿ ಭಾರತೀಯರು ಕಡಿಮೆ. ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ಜೀನೋಮ್ ಇಂಡಿಯಾ ಯೋಜನೆ ಸುಮಾರು 10,000 ಭಾರತೀಯರ ಜೀನೋಮ್ ಓದಿದೆ. ಇಂಥ ಮಾಹಿತಿ ಬೆಳೆದಂತೆ ನಮ್ಮ ಮಗಳ ವರದಿಯನ್ನೂ ಮತ್ತೆ ವಿಶ್ಲೇಷಿಸಬಹುದು, ಹೊಸ ರಕ್ತ ಬೇಕಿಲ್ಲ. ಅದಕ್ಕಾಗಿ ಕಚ್ಚಾ ದತ್ತಾಂಶದ ಪ್ರತಿಯನ್ನು ಕೇಳಿ ಪಡೆದುಕೊಂಡಿದ್ದೇವೆ. ನೀವೂ ಕೇಳಿ. ಚರ್ಮದ ಚೂರಿನಿಂದ ಕೋಶ ಬೆಳೆಸಿ, ಇಂಟರ್‌ಫೆರಾನ್ ಎಷ್ಟು ಬರುತ್ತದೆಂದು ಅಳೆಯುವ ವಿಧಾನವೂ ಇದೆ; ಅದು ಸಂಶೋಧನಾ ಪ್ರಯೋಗಾಲಯದ ಕೆಲಸ, ವೈದ್ಯರು ಪತ್ರ ಬರೆದಿದ್ದಾರೆ.

ನಮ್ಮಿಬ್ಬರ ರಕ್ತದಲ್ಲಿ ನೋಡಿದಾಗ ಆ ಅಕ್ಷರ ಸಿಕ್ಕಿದ್ದು ಪತಿಯಲ್ಲಿ. ಅವರಿಗೆ ಹುಟ್ಟಿದಾಗಿನಿಂದ ಆಸ್ಪತ್ರೆಯ ಹಾಸಿಗೆ ಗೊತ್ತಿಲ್ಲ. ಈ ಜೀನಿನ ದೋಷ ಇದ್ದವರೆಲ್ಲರಿಗೂ ಕಾಯಿಲೆ ಬರುವುದಿಲ್ಲ, ಎಷ್ಟೋ ಕುಟುಂಬಗಳಲ್ಲಿ ತಂದೆಯೋ ತಾಯಿಯೋ ಅದನ್ನು ಹೊತ್ತೂ ಆರೋಗ್ಯವಾಗಿರುತ್ತಾರೆ ಎಂದು ಕೌನ್ಸೆಲರ್ ಹೇಳಿದರು. ಆದರೂ ಅವರು ಕೆಲವು ದಿನ ಮಗಳ ಮುಖ ನೋಡಲಾರದೆ ತೋಟದಲ್ಲೇ ಕಳೆದರು. ಅತ್ತೆಯೇ ಒಂದು ರಾತ್ರಿ ಊಟಕ್ಕೆ ಬಡಿಸುತ್ತ, ‘ನೀನು ಆರಿಸಿ ಕೊಟ್ಟದ್ದೇನೋ? ನಿನಗೆ ಕೊಟ್ಟವರೂ ಆರಿಸಿ ಕೊಟ್ಟಿರಲಿಲ್ಲ’ ಎಂದರು. ನನ್ನನ್ನು ‘ಏನು ತಿನ್ನಿಸುತ್ತಿದ್ದೆ’ ಎಂದು ಕೇಳಿದ್ದವರೂ ಅವರೇ. ಆಮೇಲೆ ಆ ಪ್ರಶ್ನೆ ಬಂದಿಲ್ಲ.

ಚಿಕ್ಕ ಮಗನ ರಕ್ತವನ್ನೂ ನೋಡಿಬಿಡೋಣ ಎಂದು ನಾನು ಹಟ ಮಾಡಿದೆ. ವೈದ್ಯರು ಒಪ್ಪಲಿಲ್ಲ. ಅರ್ಥವೇ ಖಚಿತವಾಗದ ಬದಲಾವಣೆಯನ್ನು ಆರೋಗ್ಯವಂತ ಮಗುವಿನಲ್ಲಿ ಹುಡುಕಿದರೆ, ಇದ್ದರೂ ಭಯ, ಇಲ್ಲದಿದ್ದರೆ ಸುಳ್ಳು ಧೈರ್ಯ. ಅದರ ಬದಲು ಇಬ್ಬರಿಗೂ ಅನ್ವಯಿಸುವಂತೆ ಒಂದು ತುರ್ತು ಪತ್ರ ಬರೆದುಕೊಟ್ಟರು. ಮಗಳಿಗೆ ದಿನವೂ ಅಸೈಕ್ಲೋವಿರ್ ಮಾತ್ರೆ ಶುರುವಾಗಿದೆ, ನೀರು ಚೆನ್ನಾಗಿ ಕುಡಿಸಬೇಕು, ಮೂತ್ರಪಿಂಡ ಸರಿಯಿದೆಯೇ ಎಂದು ನೋಡಲು ಆಗಾಗ ಕ್ರಿಯಾಟಿನಿನ್ ಪರೀಕ್ಷೆ. ಲಸಿಕೆಗಳೆಲ್ಲ ಎಂದಿನಂತೆ. ಶಾಲೆ, ಆಟ, ಜಾತ್ರೆ ಯಾವುದಕ್ಕೂ ಅಡ್ಡಿಯಿಲ್ಲ.

ಪತ್ರದಲ್ಲಿ ಇರುವುದು ಇಷ್ಟು: ಹಿಂದೆ ಎರಡು ಸಲ ಬಂದ ಕಾಯಿಲೆಯ ಹೆಸರು ಮತ್ತು ತಿಂಗಳು, ಜ್ವರದ ಜೊತೆ ಗೊಂದಲ, ಅದುರು, ಮಾತಿನ ಬದಲಾವಣೆ ಕಂಡರೆ ಪಿ.ಸಿ.ಆರ್. ಫಲಿತಾಂಶಕ್ಕೆ ಕಾಯದೆ ಡ್ರಿಪ್ ಶುರುಮಾಡಬೇಕೆಂಬ ಸೂಚನೆ. ತೂಕಕ್ಕೆ ತಕ್ಕ ಪ್ರಮಾಣ. ಕರೆ ಮಾಡಬೇಕಾದ ವಿಭಾಗ. ಒಂದು ಪ್ರತಿ ಮನೆಯಲ್ಲಿದೆ, ಒಂದು ಶಾಲೆಯಲ್ಲಿ, ಒಂದು ಶಿರಸಿಯ ಆಸ್ಪತ್ರೆಯ ಕಡತದಲ್ಲಿ, ಒಂದು ಹೊನ್ನಾವರದ ಭಾವನ ಮನೆಯಲ್ಲಿ. ಮಗು ಬೆಳೆದಂತೆ ಪ್ರಮಾಣ ಬದಲಾಗುತ್ತದೆ. ಆದ್ದರಿಂದ ಪ್ರತಿ ಭೇಟಿಯಲ್ಲೂ ತೂಕ ನೋಡಿಸಿ ಪತ್ರವನ್ನು ಹೊಸದಾಗಿ ಬರೆಸಿಕೊಳ್ಳಬೇಕು, ಹಳೆಯ ಪ್ರತಿಗಳನ್ನು ಎಲ್ಲ ಕಡೆಯಿಂದ ವಾಪಸು ತರಬೇಕು.